ಒಂದು ದೇಶ ಕುಣಿತ ಬಿಟ್ಟಾಗ

ನಮ್ಮ ತಂದೆಯವರು ತೀರಿಕೊಂಡ ವರ್ಷ ನಮ್ಮ ಮನೆಯಲ್ಲಿ ಹಬ್ಬಗಳಿರಲಿಲ್ಲ. ಯುಗಾದಿಗೆ ತೋರಣ ಕಟ್ಟಲಿಲ್ಲ, ಗೌರಿಗೆ ಬಾಗಿನ ಕೊಡಲಿಲ್ಲ. ದೀಪಾವಳಿಯ ಸಂಜೆ ಬೀದಿಯೆಲ್ಲ ಬೆಳಗುತ್ತಿರುವಾಗ ಪಕ್ಕದ ಮನೆಯಾಕೆ ಹೋಳಿಗೆಯ ತಟ್ಟೆಗೆ ಬಾಳೆಯೆಲೆ ಮುಚ್ಚಿ ತಂದು ನಮ್ಮ ತಾಯಿಯವರ ಕೈಗಿತ್ತು, "ಇನ್ನೇನು, ಮಾಘ ಬಂದರೆ ವರ್ಷ ತುಂಬಿತು. ಮುಂದಿನ ದೀಪಾವಳಿಗೆ ನಿಮ್ಮ ಮನೆ ಹೋಳಿಗೆ ನಮಗೆ ಬರಬೇಕು ನೋಡಿ" ಎಂದರು. ತಾಯಿಯವರು ಕಣ್ಣೊರಸಿಕೊಂಡು ನಕ್ಕರು. ಆಗ ನಾನು ಹುಡುಗ. ಹೋಳಿಗೆಯಿಂದಲೇ ಅವರಿಗೆ ಸಮಾಧಾನವಾಯಿತೆಂದು ತಿಳಿದೆ. ಸಮಾಧಾನವಿದ್ದುದು 'ಮಾಘ' ಎಂಬ ಒಂದು ಪದದಲ್ಲಿ ಎಂಬುದು ಹೊಳೆದದ್ದು ಬಹಳ ವರ್ಷಗಳ ಮೇಲೆ, ಫಿನ್ಲೆಂಡ್ ಎಂಬ ದೂರದ ದೇಶದವರು ಕುಣಿತ ಬಿಟ್ಟ ಕಥೆಯನ್ನು ಓದಿದಾಗ.

ಇಲ್ಲಿ ಕುಣಿತವೆಂದರೆ ರಂಗದ ಮೇಲಿನ ನೃತ್ಯವಲ್ಲ. ಗೆಜ್ಜೆ, ಅಭಿನಯ, ಗುರುಪರಂಪರೆಗಳ ಮಾತಲ್ಲ. ಊರಿನ ಗಂಡಸರೂ ಹೆಂಗಸರೂ ವಾರದ ದುಡಿಮೆ ಮುಗಿಸಿ, ಒಂದೆಡೆ ಸೇರಿ, ವಾದ್ಯಕ್ಕೆ ಹೆಜ್ಜೆ ಕೂಡಿಸಿ ಜೊತೆಜೊತೆಯಾಗಿ ಸುತ್ತುವ ಸಾಮಾಜಿಕ ನೃತ್ಯ. ನಮ್ಮಲ್ಲಿ ಇದಕ್ಕೆ ಸರಿಸಮನಾದುದಿಲ್ಲ. ಸಿನಿಮಾಗಳಲ್ಲಿ ಖಳನಾಯಕನ ಕ್ಲಬ್ಬಿನ ದೃಶ್ಯವಾಗಿ ಮಾತ್ರ ಕಂಡುದರಿಂದ ನಮ್ಮ ಹಿರಿಯರು ಇದನ್ನು ಸ್ವಲ್ಪ ಸಂಶಯದಿಂದ ನೋಡುವುದುಂಟು. ಆದರೆ ಫಿನ್ಲೆಂಡಿನಲ್ಲಿ ಅದು ಕ್ಲಬ್ಬಿನ ವಿಲಾಸವಾಗಿರಲಿಲ್ಲ. ರೈತರ, ಮರ ಕಡಿಯುವವರ, ಕಾರ್ಖಾನೆಯ ಕೂಲಿಗಳ ಸಂಜೆ ಅದು. ನಮ್ಮ ಊರುಗಳಿಗೆ ಜಾತ್ರೆ ಹೇಗೋ ಹಾಗೆ.

ಬೇಸಿಗೆಯಲ್ಲಿ ಆ ನಾಡಿನಲ್ಲಿ ರಾತ್ರಿಯೆಂಬುದೇ ಹೆಸರಿಗೆ ಮಾತ್ರ. ಸರೋವರದ ದಡದಲ್ಲಿ ಮರದ ಹಲಗೆ ಹೊದಿಸಿದ ಒಂದು ಜಗಲಿ. ಅದಕ್ಕೆ ಅವರು 'ಲವ' ಎನ್ನುತ್ತಾರೆ. ಮೊದಮೊದಲು ಮೇಲೆ ಸೂರೂ ಇಲ್ಲದ ಬರಿಯ ಹಲಗೆಯ ನೆಲ. ಬರಬರುತ್ತ ಸೂರು ಬಂದಿತು, ಅಲಂಕಾರ ಬಂದಿತು. ಊರಿನ ಯುವಕ ಸಂಘ, ಕಾರ್ಮಿಕ ಸಂಘ, ಆಟೋಟದ ಸಂಘ, ಬೆಂಕಿ ಆರಿಸುವ ಸ್ವಯಂಸೇವಕರ ದಳ, ಇವರಲ್ಲಿ ಯಾರಾದರೊಬ್ಬರು ಅದನ್ನು ಕಟ್ಟಿಸಿ, ಪ್ರವೇಶದ ಕಾಸಿನಿಂದ ತಮ್ಮ ಸಂಘದ ಖರ್ಚು ತೂಗಿಸುತ್ತಿದ್ದರು. ವಾದ್ಯವೆಂದರೆ ಮುಖ್ಯವಾಗಿ ಅಕಾರ್ಡಿಯನ್: ತಿದಿ ಒತ್ತಿ ನಾಲಗೆಗಳನ್ನು ನುಡಿಸುವ ಆ ಪೆಟ್ಟಿಗೆ ನಮ್ಮ ಹಾರ್ಮೋನಿಯಂನ ದಾಯಾದಿಯೇ ಸರಿ. ಹೆಂಗಸರು ಒಂದು ಸಾಲು, ಎದುರಿಗೆ ಗಂಡಸರು ಒಂದು ಸಾಲು. ಗಂಡಸು ಈ ಬದಿಯಿಂದ ಆ ಬದಿಗೆ ನಡೆದು ಹೋಗಿ ತಲೆಬಾಗಿ ಕರೆಯಬೇಕು. ಎಲ್ಲರ ಕಣ್ಣೆದುರು ಆ ಇಪ್ಪತ್ತು ಹೆಜ್ಜೆ ನಡೆಯುವುದು ಕುಣಿಯುವುದಕ್ಕಿಂತ ಕಠಿಣವೆಂದು ತೋರುತ್ತದೆ. ಕರೆದ ಮೇಲೆ ಎರಡು ಹಾಡಿಗೆ ಕುಣಿತ. ಅನಂತರ ಆಕೆಯನ್ನು ಮೊದಲಿದ್ದ ಜಾಗಕ್ಕೇ ತಲುಪಿಸಿ, 'ಕೀತೊಸ್' ಎಂದು ವಂದನೆ ಹೇಳಿ ಹಿಂದಿರುಗಬೇಕು. ಫಿನ್ನರು ಮಿತಭಾಷಿಗಳೆಂದು ಹೆಸರಾದವರು. ಮಾತು ಬಾರದ ಗಂಡು ಹೆಣ್ಣುಗಳು ಒಬ್ಬರನ್ನೊಬ್ಬರು ಅರಿತು ಸಂಸಾರ ಹೂಡುವುದಕ್ಕೆ ಈ ಜಗಲಿಯೇ ದಾರಿಯಾಗಿತ್ತು. ನಮ್ಮಲ್ಲಿ ಜಾತಕ ಹಿಡಿದು ಓಡಾಡುವ ಶಾಸ್ತ್ರಿಗಳ ಕೆಲಸವನ್ನು ಅಲ್ಲಿ ಅಕಾರ್ಡಿಯನ್ ಮಾಡುತ್ತಿತ್ತು ಎಂದರೂ ನಡೆದೀತು.

1939ರ ನವೆಂಬರ್ 30ರಂದು ಸೋವಿಯೆತ್ ವಿಮಾನಗಳು ಹೆಲ್ಸಿಂಕಿಯ ಮೇಲೆ ಬಾಂಬು ಸುರಿಸಿದವು. ಗಡಿಯುದ್ದಕ್ಕೂ ಯುದ್ಧ ಹತ್ತಿಕೊಂಡಿತು. ಆಗ ಇಡೀ ದೇಶದ ಜನಸಂಖ್ಯೆ ಸುಮಾರು 37 ಲಕ್ಷ. ಎದುರಾಳಿಯ ದೇಶದಲ್ಲಿ ಹದಿನೇಳು ಕೋಟಿಗೂ ಮಿಕ್ಕಿ ಜನ. ಡಿಸೆಂಬರ್ ತಿಂಗಳಲ್ಲೇ ಸರಕಾರ ಸಾರ್ವಜನಿಕ ನೃತ್ಯಗಳನ್ನು ನಿಲ್ಲಿಸಿ ಆಜ್ಞೆ ಹೊರಡಿಸಿತು. ಗಡಿಯಲ್ಲಿ ಹುಡುಗರು ಹಿಮದಲ್ಲಿ ಸಾಯುತ್ತಿರುವಾಗ ಮನೆಯಲ್ಲಿ ಉಳಿದವರು ಕುಣಿಯುವುದು ಹೇಗೆ? ಪ್ರಶ್ನೆ ನ್ಯಾಯವಾದದ್ದೇ. ಯಾರೂ ಅದಕ್ಕೆ ಎದುರು ಹೇಳಿದಂತೆ ಕಾಣುವುದಿಲ್ಲ.

ಆ ಸೂತಕ ಎಂಥದೆಂಬುದನ್ನು ಒಂದು ಸಂಗತಿಯಿಂದ ತಿಳಿಯಬಹುದು. ಸಾಮಾನ್ಯವಾಗಿ ಯುದ್ಧದಲ್ಲಿ ಸತ್ತ ಸಿಪಾಯಿಯನ್ನು ಸತ್ತಲ್ಲಿಯೇ ಮಣ್ಣು ಮಾಡುತ್ತಾರೆ. ಫಿನ್ನರು ಹಾಗೆ ಮಾಡಲಿಲ್ಲ. ಸಾಧ್ಯವಾದಷ್ಟು ಮಟ್ಟಿಗೆ ಪ್ರತಿಯೊಬ್ಬನ ದೇಹವನ್ನೂ ಗಡಿಯಿಂದ ಅವನ ಊರಿಗೇ ತಂದು, ಅವನಿಗೆ ನಾಮಕರಣವಾದ ಇಗರ್ಜಿಯ ಅಂಗಳದಲ್ಲಿಯೇ ಸಾಲಾಗಿ ಮಲಗಿಸಿದರು. ಇಂದಿಗೂ ಆ ದೇಶದ ಯಾವ ಊರಿನ ಇಗರ್ಜಿಗೆ ಹೋದರೂ ಒಂದೇ ಅಳತೆಯ, ಒಂದೇ ಬಗೆಯ ಕಲ್ಲುಗಳ ಆ ವೀರರ ಸಾಲನ್ನು ಕಾಣಬಹುದು. ಹೀಗಾಗಿ ಸಾವು ಅಲ್ಲಿ ಪತ್ರಿಕೆಯ ಸುದ್ದಿಯಾಗಿ ಬರಲಿಲ್ಲ. ಪೆಟ್ಟಿಗೆಯಾಗಿ ಊರ ಬಾಗಿಲಿಗೇ ಬಂದಿತು. ಮಗನ ಮರಣದ ವಾರ್ತೆಯನ್ನು ಮನೆಗೆ ತರುವ ಕೆಲಸ ಹೆಚ್ಚಾಗಿ ಪಾದ್ರಿಯವರ ಪಾಲಿಗೆ ಬಂದುದರಿಂದ, ಪಾದ್ರಿ ಬೀದಿಯಲ್ಲಿ ಬರುತ್ತಿರುವುದನ್ನು ಕಂಡರೆ ಪ್ರತಿ ಮನೆಯ ತಾಯಿಯೂ ಉಸಿರು ಬಿಗಿಹಿಡಿಯುತ್ತಿದ್ದಳು. ಇಂಥ ಊರಿನಲ್ಲಿ ಇಗರ್ಜಿಗೆ ಕೂಗಳತೆಯಲ್ಲಿದ್ದ ಸಭಾಭವನದಿಂದ ವಾಲ್ಟ್ಸ್ ಕೇಳಿಬಂದಿದ್ದರೆ ಹೇಗಿರುತ್ತಿತ್ತು! ಕಾಯಿದೆ ಇಲ್ಲದಿದ್ದರೂ ಆ ಚಳಿಗಾಲದಲ್ಲಿ ಕುಣಿತ ತಾನಾಗಿಯೇ ನಿಲ್ಲುತ್ತಿತ್ತು ಎಂದು ನನ್ನ ನಂಬಿಕೆ.

ಆ ಮೊದಲ ಯುದ್ಧ 105 ದಿನ ನಡೆದು 1940ರ ಮಾರ್ಚಿಯಲ್ಲಿ ಮುಗಿಯಿತು. ಕರೇಲಿಯಾ ಪ್ರಾಂತ ಕೈಬಿಟ್ಟು, ಅಲ್ಲಿಯ ನಾಲ್ಕು ಲಕ್ಷಕ್ಕೂ ಮೀರಿದ ಜನ ಮನೆಮಠ ತೊರೆದು ಬಂದರು. 1941ರ ಜೂನ್‌ನಲ್ಲಿ ಮತ್ತೆ ಯುದ್ಧ. ಅದು ನಿಂತದ್ದು 1944ರ ಸೆಪ್ಟೆಂಬರಿನಲ್ಲಿ. ಅಷ್ಟರಲ್ಲಿ ತೊಂಬತ್ತು ಸಾವಿರಕ್ಕೂ ಹೆಚ್ಚು ಜನ ಸತ್ತಿದ್ದರು. ಈ ವರ್ಷಗಳಲ್ಲಿ ಕಾಯಿದೆಯ ಬಿಗಿ ಹೆಚ್ಚು ಕಡಿಮೆಯಾಗುತ್ತಿದ್ದರೂ ಕುಣಿತಕ್ಕೆ ಪೂರ್ಣ ಬಿಡುಗಡೆ ಸಿಗಲಿಲ್ಲ. 1944ರಲ್ಲಿ ಭಾಗಶಃ ಸಡಿಲಿಸಿದರು. ಉಳಿದ ನಿರ್ಬಂಧಗಳೆಲ್ಲ ತೊಲಗಿದ್ದು 1948ರಲ್ಲಿ. ಯುದ್ಧ ನಿಂತು ನಾಲ್ಕು ವರ್ಷಗಳಾದ ಮೇಲೆ!

ನನ್ನನ್ನು ಯೋಚನೆಗೆ ಹಚ್ಚಿದ್ದು ಈ ಒಂಬತ್ತು ವರ್ಷ. ಶೋಕಕ್ಕೆಂದು ಹಿಡಿದ ವ್ರತ ಯಾವ ಘಟ್ಟದಲ್ಲಿ ಶಿಕ್ಷೆಯಾಗಿ ಮಾರ್ಪಟ್ಟಿತು?

ಕುಣಿತವನ್ನು ತಾತ್ಕಾಲಿಕವಾಗಿ ಬಿಡುವುದು ಯೂರೋಪಿಗೆ ಹೊಸದಲ್ಲ. ಕ್ಯಾಥೊಲಿಕ್ ನಾಡುಗಳಲ್ಲಿ ಬೂದಿ ಬುಧವಾರದಿಂದ ಈಸ್ಟರ್‌ವರೆಗಿನ ತಪಸ್ಸುಕಾಲದಲ್ಲಿ ನೃತ್ಯಕೂಟಗಳು ಕೂಡದು ಎಂಬ ಸಂಪ್ರದಾಯ ಬಹಳ ಹಳೆಯದು. ವಿಯೆನ್ನಾ ನಗರದ ಪ್ರಸಿದ್ಧವಾದ ನೃತ್ಯಕೂಟಗಳ ಋತು ಬೂದಿ ಬುಧವಾರಕ್ಕೆ ಮುಂಚೆ ಅಷ್ಟೊಂದು ಭರಾಟೆಯಿಂದ ನಡೆಯುವುದಕ್ಕೂ ಅದೇ ಮೂಲ. ಜರ್ಮನಿಯ ಅನೇಕ ರಾಜ್ಯಗಳಲ್ಲಿ ಶುಭ ಶುಕ್ರವಾರದ ದಿನ ಸಾರ್ವಜನಿಕ ನೃತ್ಯಕ್ಕೆ ಇಂದಿಗೂ ಕಾಯಿದೆಯ ತಡೆಯಿದೆ. ಆದರೆ ಇವಕ್ಕೆಲ್ಲ ಒಂದು ಗಡುವುಂಟು. ಹಬ್ಬ ಬಂದೇ ಬರುತ್ತದೆ. ಆ ದಿನವನ್ನು ಪಂಚಾಂಗದಲ್ಲಿ ಬೆರಳಿಟ್ಟು ತೋರಿಸಬಹುದು. ನಮ್ಮ ಸೂತಕಕ್ಕೆ ಹತ್ತು ದಿನ, ಹಬ್ಬಬಿಡುವುದಕ್ಕೆ ಒಂದು ವರ್ಷ. ನಮ್ಮ ನೆರೆಯಾಕೆ 'ಮಾಘ' ಎಂದು ಹೇಳಬಲ್ಲವಳಾಗಿದ್ದಳು. ಫಿನ್ಲೆಂಡಿನ ಹುಡುಗಿಗೆ ಹಾಗೆ ಹೇಳುವವರು ಯಾರೂ ಇರಲಿಲ್ಲ. 1939ರಲ್ಲಿ ಹದಿನೇಳರ ಪ್ರಾಯದವಳು 1948ರಲ್ಲಿ ಇಪ್ಪತ್ತಾರರವಳಾದಳು. ಆ ನಡುವಿನ ವರ್ಷಗಳನ್ನು ಮರಳಿ ಕೊಡುವ ಆಜ್ಞೆಯನ್ನು ಯಾವ ಸರಕಾರವೂ ಹೊರಡಿಸಲಾರದು.

ಇನ್ನೊಂದು ಮಾತು. ನಿಂತದ್ದು ಕುಣಿತ ಮಾತ್ರ. ಸಿನಿಮಾ ಮಂದಿರಗಳು ತೆರೆದೇ ಇದ್ದವು. ಯುದ್ಧಕಾಲದಲ್ಲಿ ಅವುಗಳಿಗೆ ಹಿಂದೆಂದೂ ಇಲ್ಲದಷ್ಟು ಜನ ನುಗ್ಗಿದರು. 1942ರಿಂದ ಸೈನಿಕರಿಗಾಗಿ ಹಾಡು, ಹಾಸ್ಯ, ಭಾಷಣಗಳ ದೊಡ್ಡ ಸಂಜೆಗಳು ಹೆಲ್ಸಿಂಕಿಯಲ್ಲಿ ನಡೆದವು; ರೇಡಿಯೋದಲ್ಲಿಯೂ ಬಿತ್ತರಗೊಂಡವು. ಕುಳಿತು ನಗಬಹುದು, ಕುಳಿತು ಅಳಬಹುದು, ಹಾಡಬಹುದು. ಎದ್ದು ಎರಡು ಹೆಜ್ಜೆ ಹಾಕಿದರೆ ಮಾತ್ರ ಮೃತರಿಗೆ ಅಪಚಾರ! ಇದರ ಬೇರು ಯುದ್ಧಕ್ಕಿಂತ ಹಳೆಯದು. ಫಿನ್ಲೆಂಡಿನ ಲೂಥರನ್ ಧರ್ಮದೊಳಗಿನ ಕೆಲವು ಭಕ್ತಿಪಂಥಗಳವರು ಕುಣಿತವನ್ನು ಪಾಪವೆಂದೇ ಬಗೆಯುತ್ತ ಬಂದವರು. ಅವರಲ್ಲಿ ಕೆಲವರು ಇಂದಿಗೂ ಕುಣಿಯುವುದಿಲ್ಲ. ಸಾಲದುದಕ್ಕೆ, 1941ರ ಅನಂತರ ಉತ್ತರ ಭಾಗದಲ್ಲಿ ಎರಡು ಲಕ್ಷದಷ್ಟು ಜರ್ಮನ್ ಸೈನಿಕರು ಬೀಡುಬಿಟ್ಟಿದ್ದರು. ಊರ ಗಂಡಸರು ಗಡಿಯಲ್ಲಿರುವಾಗ ಊರ ಹೆಣ್ಣುಮಕ್ಕಳು ಪರದೇಶದ ಸಿಪಾಯಿಗಳ ಕೈಹಿಡಿದು ಕುಣಿಯುವರೇನೋ ಎಂಬ ಅಂಜಿಕೆ ಹಿರಿಯರಿಗೆ. ಹೀಗೆ ಶೋಕದ ಹೆಸರಿನಲ್ಲಿ ಅಂಜಿಕೆಯೂ, ಹಳೆಯ ಅಸಮಾಧಾನವೂ ಸೇರಿಕೊಂಡವು. ನಮ್ಮ ಕಾಲೇಜುಗಳಲ್ಲಿಯೂ ನಾನು ಇದನ್ನು ಕಂಡಿದ್ದೇನೆ: ಊರಿನಲ್ಲಿ ಏನೇ ಅವಘಡವಾಗಲಿ, ಮೊದಲು ರದ್ದಾಗುವುದು ವಿದ್ಯಾರ್ಥಿಗಳ ನಾಟಕ. ಪರೀಕ್ಷೆ ರದ್ದಾದುದನ್ನು ನಾನು ಕಾಣೆ. ರದ್ದುಮಾಡೋಣವೆಂದು ಮೊದಲು ಬಾಯಿ ಬಿಡುವವರು ಸಾಮಾನ್ಯವಾಗಿ ಎಂದೂ ನಾಟಕ ನೋಡಲು ಬಾರದವರು.

ಬೇರೆ ದೇಶಗಳು ಬೇರೆ ದಾರಿ ಹಿಡಿದವು. ಇಂಗ್ಲೆಂಡಿನಲ್ಲಿ 1939ರ ಸೆಪ್ಟೆಂಬರಿನಲ್ಲಿ ಯುದ್ಧ ಸಾರಿದೊಡನೆ ಬಾಂಬಿನ ಭಯದಿಂದ ವಿನೋದಮಂದಿರಗಳನ್ನೆಲ್ಲ ಮುಚ್ಚಿದರೂ, ಕೆಲವೇ ದಿನಗಳಲ್ಲಿ ಜನರ ಧೈರ್ಯ ಉಳಿಯಬೇಕಾದರೆ ಅವು ಬೇಕೇಬೇಕೆಂದು ತೆರೆದರು. ಲಂಡನ್ನಿನ ಕೋವೆಂಟ್ ಗಾರ್ಡನ್ ಸಂಗೀತನಾಟಕ ಮಂದಿರವಂತೂ ಯುದ್ಧದುದ್ದಕ್ಕೂ ಕುಣಿತದ ಮನೆಯಾಗಿಹೋಯಿತು. ಆ ಧೈರ್ಯಕ್ಕೂ ಬೆಲೆ ತೆರಬೇಕಾಯಿತು: 1941ರ ಮಾರ್ಚಿ 8ರ ರಾತ್ರಿ 'ಕೆಫೆ ದ ಪಾರಿ' ಎಂಬ ನೆಲಮಾಳಿಗೆಯ ನೃತ್ಯಶಾಲೆಯ ಮೇಲೆ ಬಾಂಬು ಬಿದ್ದು, ವಾದ್ಯವೃಂದದ ನಾಯಕ ಕೆನ್ ಜಾನ್ಸನ್ ಸೇರಿ ಮೂವತ್ತಕ್ಕೂ ಹೆಚ್ಚು ಜನ ಸತ್ತರು. ಫ್ರಾನ್ಸಿನಲ್ಲಿ ಫಿನ್ಲೆಂಡಿನಂತೆಯೇ 1940ರಿಂದ 1945ರವರೆಗೆ ಸಾರ್ವಜನಿಕ ನೃತ್ಯಕ್ಕೆ ನಿಷೇಧ. ಅಲ್ಲಿಯೂ ಜನ ಹಳ್ಳಿಯ ಕೊಟ್ಟಿಗೆಗಳಲ್ಲಿ ಅಕಾರ್ಡಿಯನ್ ಇಟ್ಟುಕೊಂಡು ಗುಟ್ಟಾಗಿ ಕುಣಿದರು.

ಗುಟ್ಟಿನ ಕುಣಿತಕ್ಕೆ ಫಿನ್ನರು ಕೊಟ್ಟ ಹೆಸರು 'ನುರ್ಕತನ್ಸಿತ್', ಎಂದರೆ ಮೂಲೆಯ ಕುಣಿತ. ಹುಲ್ಲಿನ ಕಣಜ, ಯಾರದೋ ಅಡಿಗೆಮನೆ, ಕಾಡಿನ ನಡುವಿನ ಬಯಲು, ಊರಾಚೆಯ ದಾರಿ ಕೂಡುವ ಜಾಗ, ಎಲ್ಲಿಯಾದರೂ ಆದೀತು. ಪೋಲೀಸರು ಬಂದರೆ ದಂಡ. ನಡೆಸಿದವರಿಗೂ ದಂಡ, ಕುಣಿದವರಿಗೂ ದಂಡ. ದೀಪವನ್ನು ಹೊರಗೆ ಕಾಣಗೊಡದ ಯುದ್ಧಕಾಲದ ಕತ್ತಲೆ ಇವರಿಗೆ ಅನುಕೂಲವಾಗಿಯೇ ಒದಗಿತು. ಬಂದವರು ಯಾರು? ದೇಶದ್ರೋಹಿಗಳಲ್ಲ, ಪಡ್ಡೆಗಳೂ ಅಲ್ಲ. ಹಲವರು ರಜೆಯ ಮೇಲೆ ಗಡಿಯಿಂದ ಬಂದ ಸೈನಿಕರೇ. ಯಾರ ಗೌರವಕ್ಕಾಗಿ ಕುಣಿತ ನಿಲ್ಲಿಸಿದ್ದರೋ ಅವರೇ ಮೂಲೆಯ ಕತ್ತಲಲ್ಲಿ ಕುಣಿಯುತ್ತಿದ್ದರು! ನಾಳಿದ್ದು ಮತ್ತೆ ಗಡಿಗೆ ಹೋಗಬೇಕಾದವನಿಗೆ ಒಂದು ಹೆಣ್ಣಿನ ಕೈಹಿಡಿದು ಎರಡು ಸುತ್ತು ಸುತ್ತುವ ಆಸೆ ಹುಟ್ಟಿದರೆ, ಅವನಿಗೆ ಶೋಕದ ಪಾಠ ಹೇಳುವ ಅಧಿಕಾರ ಮನೆಯಲ್ಲಿ ಬೆಚ್ಚಗಿದ್ದವರಿಗೆ ಎಲ್ಲಿಂದ ಬಂದಿತು?

ಆದರೆ ಇಷ್ಟಕ್ಕೇ ಕಾಯಿದೆಯವರನ್ನು ಹಳಿದು ಮುಗಿಸಿದರೆ ಅದೂ ಅನ್ಯಾಯವೇ. ಮೂಲೆಯ ಕುಣಿತದ ಸದ್ದು ಆಚೆಮನೆಯ ವಿಧವೆಯ ಕಿವಿಗೂ ಬಿದ್ದಿರಬೇಕು. ಯಾವ ಪೋಲೀಸನ ಭಯವೂ ಇಲ್ಲದೆ, ತಾನಾಗಿಯೇ ಕುಣಿತ ಬಿಟ್ಟವರೂ ಆ ದೇಶದಲ್ಲಿ ಇದ್ದಿರದೆ ಇಲ್ಲ. ಗಂಡ ಬರುವವರೆಗೆ ಬೇಡ ಎಂದವಳು, ತಮ್ಮ ಸತ್ತ ವರ್ಷ ಬೇಡ ಎಂದವನು. ಅಂಥವರ ಬಿಡುವಿಗೆ ಲೆಕ್ಕವಿಡುವವರಿಲ್ಲ; ದಾಖಲೆಯಲ್ಲಿ ಉಳಿಯುವುದು ದಂಡ ತೆತ್ತವರ ಸಂಗತಿ ಮಾತ್ರ. ಒಂದೇ ಊರಿನಲ್ಲಿ ಒಬ್ಬನಿಗೆ ಶೋಕ ಮುಗಿದಿರುತ್ತದೆ, ಇನ್ನೊಬ್ಬಳಿಗೆ ನಿನ್ನೆ ತಾನೆ ಆರಂಭವಾಗಿರುತ್ತದೆ. ಇಬ್ಬರಿಗೂ ಒಂದೇ ಕಾಯಿದೆ ಹೊಲಿಯುವುದು ಸುಲಭವಲ್ಲ.

ಈ ಬಿಡುವಿನ ಕಾಲದಲ್ಲಿಯೇ ಒಂದು ಸೋಜಿಗವೂ ನಡೆಯಿತು. ತೊಯಿವೊ ಕ್ಯಾರ್ಕಿ ಎಂಬ ಸಂಗೀತಗಾರ 1915ರಲ್ಲಿ ಹುಟ್ಟಿದವನು, ಪಾದ್ರಿಯ ಮಗ. ಯುದ್ಧಕ್ಕೆ ಮೊದಲು ಅವನಿಗಿದ್ದ ಹುಚ್ಚು ಜಾಝ್ ಸಂಗೀತದ್ದು. ಯುದ್ಧ ಬಂದಾಗ ಫಿರಂಗಿ ದಳದ ಅಧಿಕಾರಿಯಾಗಿ ಗಡಿಗೆ ಹೋದ. ಅಲ್ಲಿ ಬಿಡುವಿನಲ್ಲಿ ರಾಗ ಹೊಸೆಯುತ್ತ ಹೊಸೆಯುತ್ತ, ತನ್ನ ಜೊತೆಗಾರರ ಮನಸ್ಸಿಗೆ ಹಿಡಿಸುವುದು ಜಾಝ್ ಅಲ್ಲ, ವಿಷಾದದ ಸ್ವರದಲ್ಲಿ ಮೆಲ್ಲನೆ ನಡೆಯುವ ಟ್ಯಾಂಗೋ ಎಂಬುದನ್ನು ಕಂಡುಕೊಂಡ. ಟ್ಯಾಂಗೋ ಅರ್ಜೆಂಟೀನದ ಕಡೆಯದು. ಫಿನ್ಲೆಂಡಿಗೆ ಅದು 1913ರ ವೇಳೆಗೆ ಬಂದಿತ್ತಾದರೂ ನೆಂಟನಾಗಿಯೇ ಉಳಿದಿತ್ತು. ಕ್ಯಾರ್ಕಿಯ ಕೈಯಲ್ಲಿ ಅದು ಮನೆಯ ಮಗನಾಯಿತು. ಹೆನ್ರಿ ಥೇಲ್ ಹಾಡಿದ 'ಅದಕ್ಕೇ ನನಗಿಷ್ಟು ದುಃಖ' ಎಂಬರ್ಥದ ಹೆಸರಿನ ಅವನ ಟ್ಯಾಂಗೋ 1944ರಲ್ಲಿ ಧ್ವನಿಮುದ್ರಣವಾಗಿ ಮನೆಮಾತಾಯಿತು. ನೆನಪಿಡಬೇಕಾದ್ದು, ಕುಣಿತ ಕೂಡದೆಂಬ ಕಾಲದಲ್ಲಿ ಹುಟ್ಟಿದ ಕುಣಿತದ ಹಾಡುಗಳಿವು. ಜನ ಇವನ್ನು ಕುಳಿತು ಕೇಳಿದರು. ಕಾಲಿಗೆ ಅಪ್ಪಣೆಯಿಲ್ಲದಾಗ ಹಾಡಿನ ಭಾರವೆಲ್ಲ ಮಾತಿನ ಮೇಲೆ ಬಿದ್ದಿತು. ಫಿನ್ನರ ಟ್ಯಾಂಗೋದಲ್ಲಿ ಅಗಲಿಕೆಯ ಸಾಹಿತ್ಯಕ್ಕೆ ಅಷ್ಟು ಪ್ರಾಧಾನ್ಯ ಬಂದುದಕ್ಕೆ ಇದೂ ಒಂದು ಕಾರಣವಿರಬಹುದೆಂದು ಸಾಹಿತ್ಯದ ಮೇಷ್ಟರಾದ ನನಗೆ ಅನಿಸುತ್ತದೆ. ಸಂಗೀತಶಾಸ್ತ್ರಜ್ಞರು ಒಪ್ಪದಿದ್ದರೆ ನನ್ನ ಹಟವಿಲ್ಲ.

ತಡೆ ತೆಗೆದ ಮೇಲೆ ಸರೋವರದ ದಡಗಳಲ್ಲಿ ಜನ ಮುತ್ತಿದರು. ಒಡೆದ ಮನೆಗಳನ್ನು ಕಟ್ಟುವ ಕೆಲಸ ಒಂದು ಕಡೆ, ಹೊಸ ಹೊಸ ನೃತ್ಯದ ಜಗಲಿಗಳನ್ನು ಕಟ್ಟುವ ಕೆಲಸ ಇನ್ನೊಂದು ಕಡೆ. ಕರೇಲಿಯಾದಿಂದ ಬಂದು ಅಪರಿಚಿತ ಊರುಗಳಲ್ಲಿ ಬೇರೂರಬೇಕಾದ ತರುಣ ತರುಣಿಯರಿಗೆ ಸ್ಥಳೀಯರ ಪರಿಚಯವಾಗಲು ಅದಕ್ಕಿಂತ ಹತ್ತಿರದ ದಾರಿಯಿರಲಿಲ್ಲ. ಉಂತೊ ಮೊನೊನೆನ್ 1955ರಲ್ಲಿ ರಚಿಸಿದ 'ಸತುಮಾ' ಎಂಬ ಟ್ಯಾಂಗೋ, ಕಡಲಾಚೆಯ ಒಂದು ಕನಸಿನ ನಾಡನ್ನು ನೆನೆಯುವ ಹಾಡು, 1962ರಲ್ಲಿ ರೇಯೊ ತೈಪಲೆಯ ಕಂಠದಲ್ಲಿ ಬಂದಾಗ ದೇಶಕ್ಕೆ ದೇಶವೇ ಅದನ್ನು ಗುನುಗಿತು. ಬಿಟ್ಟುಬಂದ ಊರನ್ನು ಮತ್ತೆಂದೂ ಕಾಣಲಾರದವರು ಲಕ್ಷಗಟ್ಟಲೆ ಇದ್ದ ದೇಶದಲ್ಲಿ ಅಂಥ ಹಾಡಿಗೆ ಕೇಳುಗರ ಕೊರತೆಯೆಲ್ಲಿ? 1985ರಿಂದ ಸೇಯ್ನಯೋಕಿ ಎಂಬ ಪಟ್ಟಣದಲ್ಲಿ ಟ್ಯಾಂಗೋದ ಜಾತ್ರೆಯೇ ನಡೆಯುತ್ತ ಬಂದಿದೆ. ಬೀದಿಯಲ್ಲಿಯೇ ಕುಣಿತ, ಗಾಯಕರಲ್ಲಿ ಗೆದ್ದವರಿಗೆ ರಾಜ ರಾಣಿ ಎಂಬ ಬಿರುದು.

2020ರಲ್ಲಿ ಕುಣಿತ ಮತ್ತೆ ನಿಂತಿತು. ಈ ಸಲದ ಕಾರಣ ನಮಗೂ ನಿಮಗೂ ತಿಳಿದದ್ದೇ. ಉಸಿರಿನಿಂದ ಹರಡುವ ವ್ಯಾಧಿಗೆ, ಅಪರಿಚಿತರ ಕೆನ್ನೆಗೆ ಕೆನ್ನೆ ತಾಗುವಷ್ಟು ಹತ್ತಿರ ನಿಂತು ಸುತ್ತುವ ಈ ನೃತ್ಯಕ್ಕಿಂತ ಒಳ್ಳೆಯ ಸವಾರಿ ಯಾವುದು? ಟ್ಯಾಂಗೋ ಹುಟ್ಟಿದ ಬ್ಯೂನಸ್ ಐರಿಸ್‌ನ ನೃತ್ಯಶಾಲೆಗಳು ಆ ವರ್ಷದ ಮಾರ್ಚಿಯಲ್ಲಿ ಬಾಗಿಲು ಹಾಕಿದವು. ಫಿನ್ಲೆಂಡಿನ ಬೇಸಿಗೆಯ ಜಾತ್ರೆಯೂ ಆ ವರ್ಷ ನಡೆಯಲಿಲ್ಲ. ಈ ಸಲದ ನಿಲುಗಡೆಯನ್ನು ಬಹಳ ಜನ ಮನಸಾರೆ ಒಪ್ಪಿದರು. ಏಕೆಂದರೆ ನೃತ್ಯದ ಜಗಲಿಗೆ ತಪ್ಪದೆ ಬರುವವರಲ್ಲಿ ಈಗ ವಯಸ್ಸಾದವರೇ ಹೆಚ್ಚು. ಆದರೂ 'ಯಾವಾಗ ಮುಗಿಯುತ್ತದೆ' ಎಂಬ ಪ್ರಶ್ನೆಗೆ ಉತ್ತರ ಮಾತ್ರ ಈ ಸಲವೂ ಇರಲಿಲ್ಲ. ಎಪ್ಪತ್ತೈದರ ಮುದುಕನಿಗೆ ಎರಡು ಬೇಸಿಗೆ ಎಂದರೆ ಇಪ್ಪತ್ತರ ಹುಡುಗನ ಎರಡು ಬೇಸಿಗೆಯಲ್ಲ. ಹಾಗೆ ನಿಲ್ಲಿಸಿದವರಲ್ಲಿ ಕೆಲವರ ಮೊಣಕಾಲು ಮತ್ತೆ ಏಳಗೊಡಲಿಲ್ಲ. ಕೆಲವರ ಜೊತೆಗಾರರೇ ಉಳಿಯಲಿಲ್ಲ.

ಬಯಲಿನ ಲವಗಳಿಗೆ ತಮ್ಮದೇ ಆದ ಒಂದು ಬಿಡುವು ಪ್ರತಿ ವರ್ಷವೂ ಇದ್ದೇ ಇದೆ. ಚಳಿಗಾಲದಲ್ಲಿ ಸರೋವರ ಹೆಪ್ಪುಗಟ್ಟುತ್ತದೆ, ಜಗಲಿಯ ಮೇಲೆ ಹಿಮ ಕೂರುತ್ತದೆ, ತಿಂಗಳುಗಟ್ಟಲೆ ಅತ್ತ ಯಾರೂ ಸುಳಿಯುವುದಿಲ್ಲ. ವಸಂತದಲ್ಲಿ ಹಿಮ ಕರಗಿದ ಮೇಲೆ ಊರಿನ ಸಂಘದವರು ಪೊರಕೆ ಹಿಡಿದು ಬರುತ್ತಾರೆ; ಉದುರಿದ ಎಲೆ ಕಸ ಗುಡಿಸಿ, ಕೊಳೆತ ಹಲಗೆಯಿದ್ದರೆ ಕಿತ್ತು ಹೊಸದನ್ನು ಕೂರಿಸುತ್ತಾರೆ. ಜೂನ್ ತಿಂಗಳ ನಡುಬೇಸಿಗೆಯ ಹಬ್ಬದ ರಾತ್ರಿ, ಮುಳುಗಲೊಲ್ಲದ ಸೂರ್ಯನ ಬೆಳಕಿನಲ್ಲಿ, ಎರಡು ಸಾಲುಗಳು ಎದುರುಬದುರಾಗಿ ನಿಲ್ಲುತ್ತವೆ. ಅಕಾರ್ಡಿಯನ್ನಿನ ತಿದಿ ತುಂಬುತ್ತದೆ. ಯಾರಾದರೊಬ್ಬರು ಆ ಇಪ್ಪತ್ತು ಹೆಜ್ಜೆಗಳನ್ನು ಮೊದಲು ನಡೆಯಬೇಕು; ಉಳಿದವರು ಅದಕ್ಕಾಗಿ ಕಾಯುತ್ತಿರುತ್ತಾರೆ.